ತಲೆಗೆ ಕಟ್ಟೋ ಲೈಟಾ, ಕೈ ಟಾರ್ಚಾ? ಚಾರಣಕ್ಕೆ ಹೊರಟವರ ಮೂರು ಪ್ರಶ್ನೆ

ಪ್ರಶ್ನೆ: ನವೆಂಬರ್‌ನಲ್ಲಿ ಗೆಳೆಯರ ಜೊತೆ ಕುಮಾರ ಪರ್ವತ ಹತ್ತುತ್ತಿದ್ದೇನೆ. ಹೇಗೂ ಸಂಜೆಯೊಳಗೆ ಇಳಿಯುತ್ತೇವೆ, ಮೊಬೈಲ್ ಟಾರ್ಚ್ ಸಾಕು ಅಂತಾರೆ ಅವರು. ನನಗೆ ಸಮಾಧಾನ ಇಲ್ಲ. ಆನ್‌ಲೈನ್‌ನಲ್ಲಿ 600 ರೂಪಾಯಿಗೆ ‘10,000 ಲುಮೆನ್’ ಟಾರ್ಚ್ ನೋಡಿದೆ. ತಗೊಳ್ಳಲಾ?
– ಶಿವಮೊಗ್ಗದ ಓದುಗರು

ಉತ್ತರ: ಆ ಟಾರ್ಚ್ ಬೇಡ. ಮೊಬೈಲ್ ಒಂದನ್ನೇ ನಂಬಿಕೊಂಡು ಹೋಗುವುದೂ ಬೇಡ.

ಕುಕ್ಕೆ ಕಡೆಯಿಂದ ಹತ್ತುವ ದಾರಿಯನ್ನೇ ನೋಡಿ. ಮೊದಲು ದಟ್ಟ ಕಾಡು, ಗಿರಿಗದ್ದೆ ದಾಟಿದ ಮೇಲೆ ಹುಲ್ಲುಗುಡ್ಡ. ಇಳಿಯುವಾಗ ಇದು ತಿರುಗುಮುರುಗು. ಅಂದರೆ ಕಾಲು ಸೋತು, ಮಂಡಿ ನೋಯುತ್ತಿರುವ ಹೊತ್ತಿಗೆ ನೀವು ಕಾಡಿನೊಳಗೆ ಬರುತ್ತೀರಿ. ನವೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆದರೆ ಮರದ ಕೆಳಗೆ ಅದಕ್ಕಿಂತ ಮುಂಚೆಯೇ ಕತ್ತಲು ಕವಿದಿರುತ್ತದೆ. ಬೇರು, ಸಡಿಲ ಕಲ್ಲು, ಅದರ ಮೇಲೆ ಒಣಗಿದ ಎಲೆ. ಗುಂಪಿನಲ್ಲಿ ಒಬ್ಬರ ಕಾಲು ಉಳುಕಿದರೆ ಸಾಕು, ಎರಡು ಗಂಟೆ ತಡ ಆಗುತ್ತದೆ. ಹಗಲು ಚಾರಣಕ್ಕೂ ಲೈಟ್ ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಮೊಬೈಲ್ ಬೆಳಕು ಸಾಲಲ್ಲ ಅಂತಲ್ಲ ನನ್ನ ತಕರಾರು. ಅದು ಒಂದು ಕೈಯನ್ನು ಕಟ್ಟಿ ಹಾಕುತ್ತದೆ. ಇಳಿಜಾರಿನಲ್ಲಿ ಬಿದಿರು ಕೋಲು ಹಿಡಿಯಬೇಕು, ಬಂಡೆ ಹಿಡಿಯಬೇಕು, ಜಾರಿದರೆ ನೆಲಕ್ಕೆ ಕೈ ಊರಬೇಕು. ಮೇಲಾಗಿ ತೊಂದರೆ ಆದಾಗ ಫೋನ್ ಮಾಡುವುದಕ್ಕೂ ಅದೇ ಬ್ಯಾಟರಿ ಬೇಕು, ಅಲ್ವಾ? ಹಾಗಾಗಿ ಹೆಡ್‌ಲ್ಯಾಂಪ್ ತಗೊಳ್ಳಿ. ನಮ್ಮಲ್ಲಿ ಇದು ಹೊಸದೇನಲ್ಲ. ಬೆಳಗಾಗುವ ಮುಂಚೆ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು ತಲೆಗೆ ಲೈಟ್ ಕಟ್ಟಿಕೊಂಡೇ ತೋಟಕ್ಕೆ ಇಳಿಯುವುದು.

ಈಗ ಆ 10,000 ಲುಮೆನ್ ಲೆಕ್ಕ. ಲುಮೆನ್ ಅಂದರೆ ಲೈಟ್ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ. ಒಳ್ಳೆಯ ಎಲ್‌ಇಡಿಯೂ ಒಂದು ವ್ಯಾಟ್‌ಗೆ ಸುಮಾರು 100ರಿಂದ 150 ಲುಮೆನ್ ಬೆಳಕು ಕೊಡುತ್ತದೆ. 10,000 ಬೇಕೆಂದರೆ ಹೆಚ್ಚುಕಡಿಮೆ 80 ವ್ಯಾಟ್ ಬೇಕು. ಅಂಥ ಟಾರ್ಚಿನೊಳಗೆ ಇರುವುದು ಒಂದೇ 18650 ಸೆಲ್ಲು, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದರಲ್ಲಿ ಹಿಡಿಯುವುದು ಹತ್ತು ಹನ್ನೆರಡು ವ್ಯಾಟ್ ಅವರ್, ಅಂದರೆ ಹತ್ತು ಹನ್ನೆರಡು ವ್ಯಾಟಿನ ಲೈಟನ್ನು ಒಂದು ಗಂಟೆ ಉರಿಸುವಷ್ಟು ಶಕ್ತಿ ಅಷ್ಟೇ. ಅಷ್ಟು ಬೆಳಕು ನಿಜವಾಗಿಯೂ ಬಂದರೆ ಹತ್ತು ನಿಮಿಷಕ್ಕೆ ಸೆಲ್ಲು ಖಾಲಿ, ಟಾರ್ಚ್ ಮುಟ್ಟೋಕಾಗದಷ್ಟು ಬಿಸಿ. ಆ ಸಂಖ್ಯೆ ಸುಮ್ನೆ ಡಬ್ಬಿ ಮೇಲೆ ಮುದ್ರಿಸಿದ್ದು. ಸೆಲ್ಲಿನ ಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಬರೆದಿದ್ದರೂ ಹಾಗೇ, ಒಳ್ಳೆಯ 18650 ಸೆಲ್ಲು ಸಾಮಾನ್ಯವಾಗಿ 2500ರಿಂದ 3500 ಎಂಎಎಚ್ ಇರುತ್ತದೆ. ಅನುಮಾನ ಇದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಇಟ್ಟು ನೋಡಿ. ಒಳ್ಳೆಯದು 45 ಗ್ರಾಂ ಆಸುಪಾಸು ತೂಗುತ್ತದೆ. 30 ಗ್ರಾಂ ತೋರಿಸಿದರೆ ಆ ಸೆಲ್ಲನ್ನು ಚಾರ್ಜಿಗೂ ಹಾಕಬೇಡಿ.

ಕಾಡುದಾರಿಯಲ್ಲಿ ನಡೆಯಲು ನಿಜಕ್ಕೂ ಬೇಕಾಗುವುದು 40, 50 ಲುಮೆನ್. ದಾರಿ ತಪ್ಪಿ ಹುಡುಕುವಾಗ, ಇಲ್ಲ ಕಡಿದಾದ ಕಡೆ, 200 ಇದ್ದರೆ ಧಾರಾಳ. ಬೆಳಕು ಜಾಸ್ತಿ ಇರಬೇಕಿಲ್ಲ, ಬೆಳಗಾಗುವವರೆಗೆ ಇರಬೇಕು. ಡಬ್ಬಿ ಮೇಲೆ ‘ಎಎನ್‌ಎಸ್‌ಐ ಎಫ್‌ಎಲ್‌1’ ಅಂತ ಇದೆಯಾ ನೋಡಿ. ಅದಿದ್ದರೆ ಎಷ್ಟು ಹೊತ್ತು ಉರಿಯುತ್ತದೆ, ಎಷ್ಟು ದೂರ ಬೀಳುತ್ತದೆ ಅನ್ನುವುದನ್ನು ಒಂದು ನಿಯಮದ ಪ್ರಕಾರ ಅಳೆದಿರುತ್ತಾರೆ. ಆದರೂ ಒಂದು ವಿಷಯ ಗೊತ್ತಿರಲಿ. ‘ನಾಲ್ಕು ಗಂಟೆ’ ಅಂದರೆ ಶುರುವಿನ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಹೊತ್ತು. ‘100 ಮೀಟರ್’ ಅಂದರೆ ಅಷ್ಟು ದೂರದಲ್ಲಿ ಹುಣ್ಣಿಮೆ ಬೆಳದಿಂಗಳಷ್ಟು ಮಾತ್ರ ಬೆಳಕು. ಹಾಗಾಗಿ ದೊಡ್ಡ ಮೋಡ್ ಬಿಟ್ಟು ಮಧ್ಯದ ಮೋಡ್ ಎಷ್ಟು ಗಂಟೆ ಬರುತ್ತದೆ ಅಂತ ನೋಡಿ. ಎಂಟು ಹತ್ತು ಗಂಟೆ ಬರುವಂಥದ್ದು ಸಾವಿರದಿಂದ ಎರಡೂವರೆ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ನೀರಿಗೆ ಐಪಿಎಕ್ಸ್4 ಇದ್ದರೆ ಮಳೆ ಹನಿ ತಡೆಯುತ್ತದೆ. ಹಳ್ಳ ದಾಟುವ ಪ್ರಸಂಗ ಇದ್ದರೆ ಐಪಿಎಕ್ಸ್7.

ಮಂಜಿನ ವಿಷಯ ಹೇಳಲೇಬೇಕು, ಪಶ್ಚಿಮಘಟ್ಟದಲ್ಲಿ ಇದು ತಪ್ಪಿದ್ದಲ್ಲ. ಮಂಜು ಮುಸುಕಿದಾಗ ಹೆಡ್‌ಲ್ಯಾಂಪ್ ಹಾಕಿದರೆ ಕಣ್ಣೆದುರು ಬಿಳಿ ಪರದೆ ಎದ್ದು ನಿಲ್ಲುತ್ತದೆ, ಕಾಲು ಎಲ್ಲಿದೆ ಅಂತಲೂ ಕಾಣುವುದಿಲ್ಲ. ಹೆದರಿ ಬೆಳಕು ಜಾಸ್ತಿ ಮಾಡಿದರೆ ಇನ್ನೂ ಕೆಡುತ್ತದೆ. ಆಗ ಲೈಟನ್ನು ತಲೆಯಿಂದ ಬಿಚ್ಚಿ ಸೊಂಟದ ಹತ್ತಿರ ಹಿಡಿಯಿರಿ, ಬೆಳಕು ಕಡಿಮೆ ಮಾಡಿ, ನೆಲದ ಕಡೆ ಓರೆಯಾಗಿ ಬಿಡಿ. ಪರದೆ ಕರಗುತ್ತದೆ. ಅಷ್ಟೇ ಅಲ್ಲ, ಒಂದೊಂದು ಕಲ್ಲಿನ ಹಿಂದೆಯೂ ನೆರಳು ಬೀಳುತ್ತದೆ, ಯಾವುದು ಎತ್ತರ ಯಾವುದು ಗುಂಡಿ ಅಂತ ಗೊತ್ತಾಗುತ್ತದೆ. ತಲೆ ಮೇಲಿನ ಬೆಳಕು ಕಣ್ಣಿನ ಹತ್ತಿರದಿಂದಲೇ ಬರುವುದರಿಂದ ನೆರಳು ಕಲ್ಲಿನ ಹಿಂದೆಯೇ ಅಡಗಿ ನೆಲ ಚಪ್ಪಟೆ ಕಾಣುತ್ತದೆ. ಇದನ್ನು ಮನೆ ಹಿಂದಿನ ಹಿತ್ತಲಲ್ಲೇ ಒಂದು ರಾತ್ರಿ ಮಾಡಿ ನೋಡಿ, ಒಮ್ಮೆ ಕಂಡರೆ ಮರೆಯುವುದಿಲ್ಲ. ಇದೇ ಕಾರಣಕ್ಕೆ, ಹೆಡ್‌ಲ್ಯಾಂಪ್ ಜೊತೆಗೆ ಗುಂಪಿಗೆ ಒಂದಾದರೂ ಬೆರಳುದ್ದದ ಕೈ ಟಾರ್ಚ್ ಇರಲಿ. ಬಣ್ಣ ತೀರಾ ನೀಲಿ ಬಿಳುಪು ಬೇಡ, 4000ದಿಂದ 5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಇರುವುದು ತಗೊಳ್ಳಿ. ಮಣ್ಣು, ಬೇರು, ಎಲೆಯ ಬಣ್ಣ ಅದರಲ್ಲಿ ಸರಿಯಾಗಿ ಕಾಣುತ್ತದೆ.

ಬ್ಯಾಗಿನೊಳಗೆ ಸ್ವಿಚ್ ತಾನಾಗಿ ಒತ್ತಿ, ರಾತ್ರಿ ತೆಗೆಯುವಾಗ ಬ್ಯಾಟರಿ ಖಾಲಿ ಆಗಿರುವುದು ತುಂಬ ಜನರಿಗೆ ಆಗಿದೆ. ಲಾಕ್ ಮಾಡುವ ಸೌಲಭ್ಯ ಇರುವುದನ್ನೇ ಕೊಳ್ಳಿ. ಕೈ ಟಾರ್ಚ್ ಆದರೆ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿ, ಹೆಚ್ಚಿನವು ಅಷ್ಟಕ್ಕೇ ಉರಿಯುವುದಿಲ್ಲ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುತ್ತಿದ್ದೇನೆ. ಚಾರ್ಜ್ ಮಾಡುವ ಹೆಡ್‌ಲ್ಯಾಂಪಾ, ಸೆಲ್ಲು ಹಾಕುವುದಾ? ವಿಮಾನದಲ್ಲಿ ಬ್ಯಾಟರಿ ಬಿಡುತ್ತಾರಾ?
– ಬೆಂಗಳೂರಿನ ಓದುಗರು

ಉತ್ತರ: ಎರಡೂ ಹಾಕಬಹುದಾದ ಹೆಡ್‌ಲ್ಯಾಂಪ್ ಸಿಗುತ್ತದೆ, ಅದೇ ಒಳ್ಳೆಯದು. ಅಲ್ಲಿ ತುದಿ ಹತ್ತುವ ದಿನ ನಸುಕಿನ ಮೂರು ಗಂಟೆ ಹೊತ್ತಿಗೆಲ್ಲ ಹೊರಡಿಸುತ್ತಾರೆ, ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ. ಸಾಮಾನ್ಯ ಆಲ್ಕಲೈನ್ ಸೆಲ್ಲು ಆ ಚಳಿಗೆ ಬೇಗ ಸೋಲುತ್ತದೆ. ಒಂದೇ ಸಲ ಬಳಸುವ ಲಿಥಿಯಂ ಎಎಎ ಸೆಲ್ಲು ದುಬಾರಿ, ಆದರೆ ಹಗುರ, ಚಳಿಗೂ ಜಗ್ಗುವುದಿಲ್ಲ. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಚಾರ್ಜ್ ಮಾಡುವಂಥ ಲೈಟ್ ಆದರೆ ರಾತ್ರಿ ಅದನ್ನೂ ಪವರ್ ಬ್ಯಾಂಕನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಹೆಪ್ಪುಗಟ್ಟಿದಂತೆ ತಣ್ಣಗಿರುವಾಗ ಮಾತ್ರ ಚಾರ್ಜಿಗೆ ಹಾಕಬೇಡಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಅಯಾನ್ ಸೆಲ್ಲು ಒಳಗೇ ಹಾಳಾಗುತ್ತದೆ. ಮೊದಲು ಮೈ ಬಿಸಿಗೆ ಬೆಚ್ಚಗಾಗಲಿ.

ವಿಮಾನದಲ್ಲಿ ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್ ಅವರ್ ಒಳಗಿದ್ದರೆ ತೊಂದರೆ ಇಲ್ಲ. 10,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 37 ವ್ಯಾಟ್ ಅವರ್, ನಿಮಗೆ ಅಷ್ಟು ಸಾಕು. ಬಿಡಿ ಸೆಲ್ಲುಗಳನ್ನು ಕೀ, ಚಿಲ್ಲರೆ ಜೊತೆ ಜೇಬಿಗೆ ಹಾಕಬೇಡಿ. ತುದಿಗೆ ತುದಿ ತಾಗಿದರೆ ಬೆಂಕಿಯೇ ಹತ್ತಬಹುದು, ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ.

ಮತ್ತೆ, ಸಹಾಯ ಕೇಳುವ ಗುರುತು ಕಲಿತಿರಿ. ಒಂದು ನಿಮಿಷದಲ್ಲಿ ಆರು ಸಲ ಲೈಟ್ ಮಿನುಗಿಸಿ, ಒಂದು ನಿಮಿಷ ಬಿಡಿ, ಮತ್ತೆ ಆರು ಸಲ. ನಿಮಿಷಕ್ಕೆ ಮೂರು ಮಿನುಗು ವಾಪಸ್ ಬಂದರೆ ನಿಮ್ಮನ್ನು ನೋಡಿದ್ದಾರೆ ಅಂತ ಅರ್ಥ. ಸೀಟಿಯಲ್ಲೂ ಹೀಗೇ.

ಪ್ರಶ್ನೆ: ಟೆಂಟಿಗೆ ಬೇರೆ ಲ್ಯಾಂಟರ್ನ್ ಬೇಕಾ? ಮನೆಯಲ್ಲಿ ಅಪ್ಪನ ಎರಡು ಸೆಲ್ಲಿನ ಸ್ಟೀಲ್ ಬ್ಯಾಟ್ರಿ ಇದೆ, ಅದನ್ನು ಒಯ್ಯಲಾ?
– ಶಿರಸಿಯ ಓದುಗರು

ಉತ್ತರ: ಅಪ್ಪನ ಬ್ಯಾಟ್ರಿ ಮನೆಯಲ್ಲೇ ಇರಲಿ, ಜೋಪಾನ ಮಾಡಿ. ದೊಡ್ಡ ಸೆಲ್ಲು ಎರಡು ಹಾಕಿದರೆ ಕಾಲು ಕೆಜಿ ದಾಟುತ್ತದೆ. ಮಳೆಗಾಲದಲ್ಲಿ ಸೆಲ್ಲು ಒಳಗೇ ಬಿಡಬೇಡಿ, ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ. ಈಗಾಗಲೇ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಗೆ ಸ್ವಲ್ಪ ನಿಂಬೆರಸ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸಿ.

ಲ್ಯಾಂಟರ್ನ್‌ಗೆ ದುಡ್ಡು ಹಾಕಬೇಕಿಲ್ಲ. ಲೀಟರ್ ನೀರಿನ ಬಾಟಲಿಗೆ ಹೆಡ್‌ಲ್ಯಾಂಪ್ ಪಟ್ಟಿ ಸುತ್ತಿ, ಬೆಳಕು ಬಾಟಲಿ ಒಳಕ್ಕೆ ಬೀಳುವ ಹಾಗೆ ತಿರುಗಿಸಿ ಇಡಿ. ಟೆಂಟ್ ಪೂರ್ತಿ ಮೆಲ್ಲಗೆ ಬೆಳಗುತ್ತದೆ. ಕೆಂಪು ಬೆಳಕು ಇದ್ದರೆ ಟೆಂಟಿನೊಳಗೆ ಅದನ್ನೇ ಬಳಸಿ. ಹುಳ ಕಡಿಮೆ ಬರುತ್ತವೆ, ಪಕ್ಕದವರ ನಿದ್ದೆ ಕೆಡುವುದಿಲ್ಲ, ಕತ್ತಲಿಗೆ ಹೊಂದಿಕೊಂಡ ಕಣ್ಣೂ ಹಾಗೇ ಉಳಿಯುತ್ತದೆ. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಹೊಡೆದರೆ ಮತ್ತೆ ನಕ್ಷತ್ರ ಚೆನ್ನಾಗಿ ಕಾಣಲು ಇಪ್ಪತ್ತು ಮೂವತ್ತು ನಿಮಿಷ ಬೇಕು.

ಆದರೆ ರಾತ್ರಿ ಎದ್ದು ಹೊರಗೆ ಹೋಗುವಾಗ ಕೆಂಪು ಬೆಳಕು ಖಂಡಿತ ಬೇಡ. ಅದರಲ್ಲಿ ಎಲ್ಲ ಒಂದೇ ಬಣ್ಣ, ಒಣ ಎಲೆ ಮೇಲೆ ಸುತ್ತಿಕೊಂಡ ಕೊಳಕುಮಂಡಲ ಎಲೆಯ ಹಾಗೇ ಕಾಣುತ್ತದೆ. ಬಿಳಿ ಲೈಟ್ ಹಾಕಿ, ಶೂ ತಲೆಕೆಳಗು ಮಾಡಿ ಕೊಡವಿ, ಒಳಗೆ ಬೆಳಕು ಬಿಟ್ಟು ನೋಡಿ, ಆಮೇಲೆ ಕಾಲು ಹಾಕಿ.