ಮಗಳ ಕೋಣೆ ಖಾಲಿ ಮಾಡುವ ಮುನ್ನ

ಜೂನ್ ಬಂತೆಂದರೆ ಶಿರಸಿಯಲ್ಲಿ ಆಪ್ತಸಲಹೆಗೆಂದು ನನ್ನ ಹತ್ತಿರ, ಸಾಮಾನು ಬಿಡಲಾಗದೆ ಕೂಡಿಡುವ ಒಂದೆರಡು ಮಕ್ಕಳು ಬಂದೇ ಬರುತ್ತಾರೆ. ಕಾರಣ ನಮ್ಮ ಕಡೆಯ ಮೇ ತಿಂಗಳು. ಮಳೆ ಹಿಡಿಯುವ ಮೊದಲು ಎಲ್ಲ ಮುಗಿಯಬೇಕು. ಕಟ್ಟಿಗೆ ಒಳಗೆ ಬರಬೇಕು, ಹಪ್ಪಳ ಒಣಗಬೇಕು, ಹಾಸಿಗೆಗೆ ಬಿಸಿಲು ತೋರಿಸಬೇಕು, ಅಟ್ಟ ಗುಡಿಸಬೇಕು. ಆ ಭರದಲ್ಲಿ ಮಕ್ಕಳ ಕೋಣೆಯೂ ಖಾಲಿಯಾಗುತ್ತದೆ. ಮಕ್ಕಳು ಆಗ ಅಜ್ಜನ ಮನೆಯಲ್ಲಿರುತ್ತಾರೆ. ಅವರಿಲ್ಲದಿದ್ದರೆ ಕೆಲಸ ಬೇಗ ಆಗುತ್ತದೆ, ಅಲ್ವಾ?

ಗುರುತು ಸಿಗುವ ವಿವರಗಳನ್ನೆಲ್ಲ ಇಲ್ಲಿ ಬದಲಿಸಿದ್ದೇನೆ. ಹಾಗೆ ಬಂದ ಒಬ್ಬ ಹುಡುಗಿಗೆ ಹತ್ತು ವರ್ಷ. ಅವಳು ರಜೆ ಮುಗಿಸಿ ಬರುವಷ್ಟರಲ್ಲಿ ತಾಯಿ ನಾಲ್ಕು ಚೀಲ ಸಾಮಾನು ಗುಜರಿಯವನಿಗೆ ಕೊಟ್ಟಿದ್ದರು. ಆಗ ಹುಡುಗಿ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಆದರೆ ಶಾಲೆ ಶುರುವಾದ ಮೇಲೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಶಾಲೆಯ ಚೀಲ ಎತ್ತಲಾಗದಷ್ಟು ಭಾರ. ಒಂದು ದಿನ ದಿಂಬಿನ ಕೆಳಗಿಂದ ಇರುವೆ ಸಾಲು ಬರುತ್ತಿದೆ ಎಂದು ಎತ್ತಿ ನೋಡಿದರೆ ಚಾಕಲೇಟಿನ ಖಾಲಿ ಕಾಗದಗಳು, ಅರ್ಧ ತಿಂದ ಚಿಕ್ಕಿ.

ತಂದೆ ಫೋನಿನಲ್ಲಿ ಏನೇನೋ ಓದಿ ಹೆದರಿದ್ದರು. ವಸ್ತುಗಳನ್ನು ಬಿಡಲಾಗದೆ ಕೂಡಿಡುವುದು ಒಂದು ಪ್ರತ್ಯೇಕ ಕಾಯಿಲೆ ಎಂದು 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು ನಿಜ. ಆದರೆ ಮೇ ತಿಂಗಳವರೆಗೆ ಹಾಯಾಗಿದ್ದ ಮಗು ಜೂನ್‌ನಲ್ಲಿ ಹೀಗಾದರೆ ಕಾಯಿಲೆಯ ಹೆಸರು ಹುಡುಕುವ ಮೊದಲು ನಡುವೆ ಏನು ನಡೆಯಿತು ಎಂದು ನೋಡಬೇಕು.

ಮೊದಲ ಭೇಟಿಯಲ್ಲಿ ನಾನು ಎಲ್ಲರೂ ಹೇಳುವುದನ್ನೇ ಹೇಳಿ ಕಳಿಸಿದೆ. ಮೂರು ಡಬ್ಬಿ ಇಡಿ, ಇಟ್ಟುಕೊಳ್ಳುವುದಕ್ಕೆ ಒಂದು, ಕೊಡುವುದಕ್ಕೆ ಒಂದು, ಎಸೆಯುವುದಕ್ಕೆ ಒಂದು. ಎರಡು ವಾರ ಬಿಟ್ಟು ಬಂದರು. ಮೊದಲ ಡಬ್ಬಿ ತುಂಬಿ ಸುರಿಯುತ್ತಿತ್ತಂತೆ. ಉಳಿದೆರಡರಲ್ಲಿ ಒಂದು ಕಡ್ಡಿಯೂ ಇರಲಿಲ್ಲ.

ಮೂರನೇ ಭೇಟಿಯಲ್ಲಿ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಹೊರಗೆ ಮಳೆ ಹೊಡೆಯುತ್ತಿತ್ತು. ಕೋಣೆಯ ಸುದ್ದಿಯನ್ನೇ ಎತ್ತದೆ, ಶಾಲೆಯಿಂದ ಬಂದ ಕೂಡಲೇ ಏನು ಮಾಡ್ತೀಯ ಎಂದು ಕೇಳಿದೆ.

"ಎಣಿಸ್ತೇನೆ" ಅಂದಳು.

"ಏನನ್ನ?"

ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದಳು. ಅಂಚುಗಳು ಮಳೆನೀರಿಗೆ ಉಬ್ಬಿದ್ದವು. ಒಳಗೆ ಗೆರೆ ಹೊಡೆದು ಬರೆದ ಪಟ್ಟಿ. ಬಾಟಲಿ ಮುಚ್ಚಳ 23. ಕಪ್ಪೆಚಿಪ್ಪು, ಗೋಕರ್ಣದ್ದು, 16. ಮದುವೆ ಕಾಗದ 9. ಪೆನ್ಸಿಲ್ ತುಂಡು 7. ಜಾತ್ರೆ ಪೀಪಿ 1, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಊದುವುದಿಲ್ಲ'. ಒಂದು ಕಿವಿಯ ಮೊಲ 1. ಹೀಗೆ ಆರು ಪುಟ. ಪ್ರತಿ ಸಾಲಿನ ಮುಂದೆ ದಿನಕ್ಕೊಂದು ಸರಿ ಗುರುತು.

"ಯಾಕೆ ಎಣಿಸ್ತೀಯ?"

"ಆವಾಗ ಎಂತೆಂತ ಹೋಯ್ತು ಅಂತ ನನಗೆ ಗೊತ್ತೇ ಇಲ್ಲ. ಈಗ ಹೋದ್ರೆ ಗೊತ್ತಾಗ್ತದೆ."

ಕೆಲವು ಸಾಲುಗಳಿಗೆ ಕೆಂಪು ಪೆನ್ನಿನಲ್ಲಿ ನಕ್ಷತ್ರ ಹಾಕಿತ್ತು. ಅವು ತುಂಬಾ ಇಷ್ಟದ ವಸ್ತುಗಳಿರಬೇಕು ಎಂದುಕೊಂಡು ಕೇಳಿದೆ. ತಲೆ ಅಲ್ಲಾಡಿಸಿದಳು.

"ಅವು ಬೇಡದ್ದು. ಆಯಿ ಕೇಳಿದ್ರೆ ಕೊಡ್ತಿದ್ದೆ."

ನಕ್ಷತ್ರಗಳನ್ನು ಎಣಿಸಿದೆ. ಪಟ್ಟಿಯ ಅರ್ಧಕ್ಕಿಂತ ಜಾಸ್ತಿ ಇದ್ದವು.

ಆಮೇಲೆ ತಾಯಿಯನ್ನು ಒಳಗೆ ಕರೆದು ನಾನು ಕೊಟ್ಟ ಮೊದಲ ಸಲಹೆಗೆ ಅವರ ಮನೆಯಲ್ಲಿ ಬಹಳ ವಿರೋಧ ಬಂತು. ಮಗಳ ಎದುರು ಕೂತು, "ನಿನ್ನನ್ನು ಕೇಳದೆ ಕೊಟ್ಟೆ, ತಪ್ಪಾಯ್ತು" ಎಂದು ಹೇಳಿ ಎಂದಿದ್ದೆ. ಹತ್ತು ವರ್ಷದ ಹುಡುಗಿಯ ಮುಂದೆ, ಅದೂ ಕಸದ ವಿಷಯಕ್ಕೆ, ತಾಯಿ ತಪ್ಪೊಪ್ಪಿಕೊಳ್ಳಬೇಕಾ ಎಂದು ತಂದೆ ಕೇಳಿದರು. ಹೌದು ಎಂದೆ. ಈಗಲೂ ಹಾಗೇ ಹೇಳುತ್ತೇನೆ. ದೊಡ್ಡವರಿಗೆ ಮನೆ, ತೋಟ, ಬ್ಯಾಂಕಿನ ಪಾಸ್‌ಬುಕ್ ಎಲ್ಲ ಇರುತ್ತದೆ. ಮಗುವಿಗೆ ನನ್ನದು ಎನ್ನಲು ಇರುವುದು ಆ ಮುಚ್ಚಳಗಳು, ಆ ಚಿಪ್ಪುಗಳು. ಅದರ ಬೆಲೆ ಗುಜರಿಯವನ ತಕ್ಕಡಿಯಲ್ಲಿ ತಿಳಿಯುವಂಥದ್ದಲ್ಲ.

ತಾಯಿಯ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಘಟ್ಟದ ಮಳೆಗಾಲದಲ್ಲಿ ಮೂಲೆಯಲ್ಲಿ ಬಟ್ಟೆ ರಾಶಿ ಹಾಕಿದರೆ ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ರಟ್ಟಿನ ಡಬ್ಬಿಗೆ ಒರಲೆ ಬರುತ್ತದೆ. ಸಾಮಾನು ಕಡಿಮೆ ಇದ್ದರೆ ಒಳ್ಳೆಯದು ಎಂಬುದೂ ಸರಿಯೇ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಗಮನಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎದುರಿಗೆ 16 ಆಟಿಕೆ ಇದ್ದಾಗಿನದಕ್ಕಿಂತ 4 ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಆದರೆ ಅವು ಎರಡು ವರ್ಷದ ಆಸುಪಾಸಿನ ಕೂಸುಗಳು. ಹತ್ತು ವರ್ಷದವಳಿಗೆ ನೆನಪಿದೆ, ಲೆಕ್ಕ ಗೊತ್ತಿದೆ. ಅವಳ ಸಾಮಾನು ಕಡಿಮೆಯಾಗಬೇಕಾದರೆ ಅವಳ ಕೈಯಿಂದಲೇ ಆಗಬೇಕು.

ಉಳಿದ ಸಲಹೆಗಳು ಸುಲಭದವು. ತಿನ್ನುವ ವಸ್ತು, ಒದ್ದೆ ಬಟ್ಟೆ ಕೋಣೆಯಲ್ಲಿ ಇಡುವಂತಿಲ್ಲ, ಅದರಲ್ಲಿ ಚರ್ಚೆಯೇ ಬೇಡ. ರಾತ್ರಿ ಮಲಗುವ ಮುನ್ನ ನೆಲ ಖಾಲಿ ಇರಬೇಕು, ಕಸಬರಿಗೆ ಆಡುವಷ್ಟು. ಅವಳ ಕೈಗೆಟಕುವ ಎತ್ತರದಲ್ಲಿ ಒಂದು ಕಪಾಟು, ಅವಳದ್ದೇ ಎನ್ನಲು ಒಂದು ತಗಡಿನ ಟ್ರಂಕು. ಟ್ರಂಕಿನಲ್ಲಿ ಏನಿದೆ ಎಂದು ಯಾರೂ ಕೇಳಬಾರದು. ಮುಚ್ಚಳ ಹಾಕಲಾಗದಷ್ಟು ತುಂಬಿದರೆ ಯಾವುದನ್ನು ತೆಗೆಯಬೇಕು ಎಂದು ಅವಳೇ ತೀರ್ಮಾನಿಸಬೇಕು. ಬೇಕೋ ಬೇಡವೋ ತಿಳಿಯದ್ದನ್ನು ಚೀಲಕ್ಕೆ ತುಂಬಿ ದೀಪಾವಳಿ ಎಂದು ಬರೆದು ಅಟ್ಟಕ್ಕೆ ಹಾಕುವುದು. ಹಬ್ಬದವರೆಗೆ ಅವಳು ಕೇಳದಿದ್ದರೆ, ಅವಳ ಎದುರೇ ಬಿಚ್ಚಿ ಕೊಡುವುದು. ಮುಂದಿನ ಮೇ ತಿಂಗಳ ಕೆಲಸ ಅವಳು ಅಜ್ಜನ ಮನೆಗೆ ಹೊರಡುವ ಮೊದಲೇ ಮುಗಿಯಬೇಕು.

ತಾಯಿ ತಪ್ಪಾಯ್ತು ಎಂದು ಹೇಳಿದ್ದು ಒಂದು ಭಾನುವಾರ. ಹುಡುಗಿ ಏನೂ ಮಾತಾಡಲಿಲ್ಲವಂತೆ. ಸಂಜೆ ನೋಟ್‌ಬುಕ್ ತಂದು, ನಕ್ಷತ್ರ ಹಾಕಿದ್ದನ್ನೆಲ್ಲ ಒಂದೊಂದಾಗಿ ಓದಿ ಹೇಳಿದಳಂತೆ. ತಾಯಿ ಚೀಲದ ಬಾಯಿ ಹಿಡಿದು ನಿಂತಿದ್ದರು. ಒಂದೂವರೆ ಚೀಲ ತುಂಬಿತು. ಪೀಪಿಯ ಹತ್ತಿರ ಬಂದಾಗ ಸ್ವಲ್ಪ ಯೋಚಿಸಿ ನಕ್ಷತ್ರ ಅಳಿಸಿದಳಂತೆ. ಅಳಿಸಲಿ ಬಿಡಿ ಎಂದೆ.

ಹೊಟ್ಟೆನೋವು ಜುಲೈ ಕೊನೆಗೆ ನಿಂತಿತು. ಎಣಿಕೆ ದಿನಾ ಇದ್ದದ್ದು ಶನಿವಾರಕ್ಕೆ ಬಂತು. ದಸರಾ ರಜೆಗೆ ಅಜ್ಜನ ಮನೆಗೆ ಹೊರಟಾಗ ನೋಟ್‌ಬುಕ್ಕನ್ನು ಬಟ್ಟೆಯ ಅಡಿಗೆ ಇಟ್ಟುಕೊಂಡಳು ಎಂದು ತಾಯಿ ಫೋನಿನಲ್ಲಿ ಹೇಳಿದರು. ಅವರ ದನಿಯಲ್ಲಿ ಬೇಸರವಿತ್ತು. ತೆಗೆದುಕೊಂಡು ಹೋಗಲಿ, ಅವಳು ಬಂದು ಎಣಿಸುವಾಗ ಎಲ್ಲ ಇದ್ದಲ್ಲೇ ಇರಲಿ ಎಂದೆ.