ಬಿಸಿಲಿದ್ದೂ ವಿಟಮಿನ್ ಡಿ ಯಾಕೆ ಕಡಿಮೆ?

ಸೌದಿ ಅರೇಬಿಯಾದಂಥ ಬಿಸಿಲಿನ ದೇಶದಲ್ಲಿ ವಿಟಮಿನ್ ಡಿ ಕೊರತೆ ಜಾಸ್ತಿ, ಚಳಿಯ ಫಿನ್ಲೆಂಡ್‌ನಲ್ಲಿ ಕಡಿಮೆ, ಇದು ಹೇಗೆ ಅಂತ ಕೇಳಿದ್ದೀರಿ. ಬಿಸಿಲು ಇದ್ದರೆ ಸಾಲದು, ಅದು ಚರ್ಮಕ್ಕೆ ಬೀಳಬೇಕು ಅಲ್ವಾ? ಸುಡುವ ಸೆಖೆಯಲ್ಲಿ ಜನ ಒಳಗೇ ಇರುತ್ತಾರೆ. ಹೊರಗೆ ಬಂದರೂ ಮೈತುಂಬ ಬಟ್ಟೆ. ಕಿಟಕಿಯ ಹಿಂದೆ ಕೂತರೂ ಪ್ರಯೋಜನವಿಲ್ಲ, ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಯುವಿಬಿ ಅನ್ನೋ ಸೂರ್ಯಕಿರಣವನ್ನು ಗಾಜು ತಡೆಯುತ್ತದೆ. ಚರ್ಮ ಕಪ್ಪಗಿದ್ದಷ್ಟೂ ಹೆಚ್ಚು ಹೊತ್ತು ಬಿಸಿಲು ಬೇಕು.

ಫಿನ್ಲೆಂಡ್‌ನಲ್ಲಿ 2003ರಿಂದ ಹಾಲಿಗೆ ವಿಟಮಿನ್ ಡಿ ಬೆರೆಸುತ್ತಿದ್ದಾರೆ. 2010ರಲ್ಲಿ ಆ ಪ್ರಮಾಣವನ್ನು ದುಪ್ಪಟ್ಟು ಮಾಡಲು ಸಲಹೆ ಬಂತು. ಅಲ್ಲಿನ ಸುಧಾರಣೆಗೆ ಇದೇ ದೊಡ್ಡ ಕಾರಣ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು, ದೇಶಗಳ ಅಂಕಿ ಹೋಲಿಸುವಾಗ ಎಷ್ಟಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ಗೆರೆ ಎಳೆದಿದ್ದಾರೆ ನೋಡಿ. ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಸಾಕು ಅನ್ನುವವರಿದ್ದಾರೆ, 30 ಬೇಕು ಅನ್ನುವವರೂ ಇದ್ದಾರೆ.