ಮೊದಲು ಪಕ್ಕದಲ್ಲಿ ಕೂತುಕೊಳ್ಳಿ

ದಾವಣಗೆರೆಯ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: 'ಪಕ್ಕದ ಮನೆಯ ಹುಡುಗ ಬದುಕು ಸಾಕಾಗಿದೆ ಅನ್ನುತ್ತಾನೆ. ಸಾವಿನ ಮಾತು ನಾವೇ ಎತ್ತಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗದೇ? ಇದು ವೈದ್ಯರ ಕೆಲಸ, ನಮ್ಮಂಥವರು ಕೈಹಾಕಬಾರದು ಅಲ್ಲವೇ?'

ಮೇಷ್ಟ್ರೇ, ವೈದ್ಯರು ಬೇಕು, ಔಷಧಿಯೂ ಬೇಕು, ಎರಡು ಮಾತಿಲ್ಲ. ಆದರೆ ಮೂವತ್ತು ವರ್ಷ ಮಕ್ಕಳ ಮುಖ ಓದಿದ ನೀವೇ ಹಿಂಜರಿದರೆ ಹೇಗೆ? ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಬರೀ ತಪ್ಪು ತಿಳಿವಳಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿಯೇ ಹೇಳಿದೆ.

1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ, ಸಾಯಬೇಕೆನಿಸಿದವರು ಫೋನ್ ಮಾಡಲಿ, ಬಂದು ಕಾಣಲಿ ಎಂದು ತಮ್ಮ ಚರ್ಚಿನಲ್ಲೇ ವ್ಯವಸ್ಥೆ ಮಾಡಿದರು. ಕಾಯುವವರಿಗೆ ಚಹಾ ಕೊಟ್ಟು ಜೊತೆಗೆ ಕೂರಲು ಒಂದಿಷ್ಟು ಸ್ವಯಂಸೇವಕರಿದ್ದರು. ಬಂದವರಲ್ಲಿ ಅನೇಕರು ಇವರ ಹತ್ತಿರವೇ ಮನಸ್ಸು ಬಿಚ್ಚಿ, ಹಗುರಾಗಿ, ಪಾದ್ರಿಯನ್ನು ಕಾಣದೆಯೇ ಹೊರಟುಬಿಡುತ್ತಿದ್ದರು! ಮರುವರ್ಷ ಫೆಬ್ರವರಿಯಲ್ಲಿ ವಾರಾ ಆ ಕೆಲಸವನ್ನು ಆ ಸ್ವಯಂಸೇವಕರಿಗೇ ಒಪ್ಪಿಸಿದರು. ಅದೇ ಸಮರಿಟನ್ಸ್ ಎಂಬ ಸಹಾಯವಾಣಿ ಸಂಸ್ಥೆ. 1986ರಲ್ಲಿ ಚೆನ್ನೈನಲ್ಲಿ ಆತ್ಮಹತ್ಯೆ ತಡೆಯುವ 'ಸ್ನೇಹಾ' ಸಂಸ್ಥೆ ಕಟ್ಟಿದ ಲಕ್ಷ್ಮಿ ವಿಜಯಕುಮಾರ್ ಸ್ವತಃ ಮನೋವೈದ್ಯೆ. ಅಲ್ಲೂ ಫೋನ್ ಎತ್ತುವವರು ತರಬೇತಿ ಪಡೆದ ಸ್ವಯಂಸೇವಕರೇ. ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ರೈತರ ಕೀಟನಾಶಕವನ್ನು ಮನೆಯಲ್ಲಿಡದೆ ಊರಿನ ಒಂದೇ ಕೋಣೆಯ ಬೀಗದ ಪೆಟ್ಟಿಗೆಗಳಲ್ಲಿಡುವ ಪ್ರಯೋಗವನ್ನೂ ಆಕೆ ಮಾಡಿದರು.

ನಮ್ಮ ಸೋದರಮಾವನ ಊರಿನ ಹಾಲಿನ ಡೈರಿ ಕಾರ್ಯದರ್ಶಿ ಇದ್ಯಾವುದನ್ನೂ ಓದಿದವರಲ್ಲ. ಬೋರ್‌ವೆಲ್ ಕೈಕೊಟ್ಟು ಸಾಲದಲ್ಲಿ ಮುಳುಗಿದ್ದ ರೈತನ ಜಗಲಿಯಲ್ಲಿ ಕೂತು, 'ಸಾಯೋ ಯೋಚ್ನೆ ಏನಾದ್ರೂ ಬಂದಿದ್ಯೇನಪ್ಪಾ?' ಎಂದು ಕೇಳಿಯೇಬಿಟ್ಟರು. ಆತ ಬಿಕ್ಕಿ ಬಿಕ್ಕಿ ಅತ್ತ. ಇವರು ಬುದ್ಧಿ ಹೇಳಲಿಲ್ಲ. ಮನೆಯಲ್ಲಿದ್ದ ಕೀಟನಾಶಕವನ್ನು ಡೈರಿಗೆ ಒಯ್ದು ಬೀಗ ಹಾಕಿದರು, ದಿನಾ ಸಂಜೆ ಹೋಗಿ ಕೂತರು. ಕೊನೆಗೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದವರೂ ಅವರೇ. ಅಲ್ಲಿಗೆ ಒಬ್ಬನೇ ಹೋಗುವ ಸ್ಥಿತಿಯಲ್ಲಿ ಆತ ಇರಲಿಲ್ಲ.

ಈಗ ನಮ್ಮ ಬೀದಿಗಳಲ್ಲಿ ಇಷ್ಟು ಹೊತ್ತು ಕೂರುವವರು ಎಲ್ಲಿದ್ದಾರೆ? ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ. ಹಳ್ಳಿಯಲ್ಲಿ ಮರ್ಯಾದೆಯ ಚಿಂತೆ, ಮೇಲೆ 'ಪೊಲೀಸ್ ಕೇಸ್ ಆಗುತ್ತೆ' ಎಂಬ ದಿಗಿಲು. ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳಿದ್ದರೂ ಅದನ್ನು ಊರೂರಿಗೆ ಸಾರುವವರಿಲ್ಲ. ನಮ್ಮ ಪತ್ರಿಕೆಗಳೋ, ತೀರಿಕೊಂಡವರ ಫೋಟೊ ಹಾಕಿ, ಹೇಗೆ ಏನು ಎಂದು ವರ್ಣಿಸುವುದರಲ್ಲೇ ಮುಳುಗಿವೆ. ನನಗೆ ಇದರಷ್ಟು ಸಿಟ್ಟು ತರಿಸುವುದು ಬೇರೊಂದಿಲ್ಲ.

ನಿಮ್ಮ ಪತ್ರ ಅಚ್ಚಾಗುವವರೆಗೆ ಕಾಯದೆ ಫೋನಿನಲ್ಲೇ ನಿಮಗೆ ಹೇಳಿದ್ದನ್ನು ಉಳಿದ ಓದುಗರಿಗಾಗಿ ಬರೆಯುತ್ತೇನೆ. ಹೋಗಿ, ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಹುಡುಗನ ಮನಸ್ಸಿನಲ್ಲಿ ಇಂಥ ದಿನ, ಹೀಗೆ ಎಂಬ ನಿರ್ಧಾರವಿದ್ದರೆ ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ; ತುರ್ತಿದ್ದರೆ 112. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಅವನ ಫೋನಿನಿಂದ ಆಗದಿದ್ದರೆ ನಿಮ್ಮ ಫೋನಿನಿಂದಲೇ ಹಚ್ಚಿಕೊಡಿ.